ಮಹಾರ್ ರೆಜಿಮೆಂಟಿನ ಇತಿವೃತ್ತ
(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ಸೀಮೆಯ ಜೀವನದಿಯಾದ ಭೀಮೆಯು ಇಲ್ಲಿಗೆ ಬರುವ ಮೊದಲು ಪುಣೆಯ ಸಮೀಪದ ಕೋರೆಗಾಂವವನ್ನು ಹಾಯ್ದು ಬರುತ್ತಾಳೆ. ಅಲ್ಲಿ ಒಂದು ಕಲ್ಲಿನ ಸ್ತಂಭವುಂಟು. ಅದರ ಮೇಲೆ ಕೊರೆದಿರುವ ಮಡಿದ ಸಿಪಾಯಿಗಳ ಹೆಸರುಗಳಲ್ಲಿ ಅನೇಕವು ‘ನಾಕ’ ಎಂದು ಕೊನೆಗೊಳ್ಳುತ್ತವೆ. ಅವು ಮಹಾರ ಜನರ ಹೆಸರುಗಳು. ಊರ ಬಾವಿಯನ್ನು ಮುಟ್ಟಗೊಡದ ಸಮಾಜದಲ್ಲಿ ಅವರ ಹೆಸರು ಕಲ್ಲಿನ ಮೇಲೆ ಉಳಿದುದು ಹೇಗೆ? ಮುಂದೆ ಅವರಿಗೇ ಸೈನ್ಯದ ಬಾಗಿಲು ಮುಚ್ಚಿದುದು ಏಕೆ? ಇವನ್ನು ಕುರಿತು ನಾಲ್ಕು ಮಾತುಗಳನ್ನು ಅರಿಕೆ ಮಾಡುವೆನು.

1818ರ ಜನವರಿ 1ರಂದು ಪೇಶ್ವೆ ಎರಡನೆಯ ಬಾಜೀರಾಯನ ಸೇನೆಯು ಕೋರೆಗಾಂವದಲ್ಲಿ ಕಂಪನಿ ಸರಕಾರದ ಒಂದು ಸಣ್ಣ ದಳವನ್ನು ಎದುರಿಸಿತು. ಆ ದಳದ ನಾಯಕ ಕ್ಯಾಪ್ಟನ್ ಸ್ಟಾಂಟನ್. ಅದರಲ್ಲಿದ್ದ ಬೊಂಬಾಯಿ ಕಾಲಾಳು ಪಲ್ಟಣದವರು ಸುಮಾರು 500 ಮಂದಿ. ಹಗಲೆಲ್ಲ ಅನ್ನನೀರಿಲ್ಲದೆ ಕಾದಿ ಅವರು ಗ್ರಾಮವನ್ನು ಉಳಿಸಿಕೊಂಡರು. ಪಲ್ಟಣದಲ್ಲಿ ಇತರ ಜಾತಿಮತಗಳವರೂ ಇದ್ದರು. ಮಹಾರರು ದೊಡ್ಡ ಸಂಖ್ಯೆಯಲ್ಲಿದ್ದರು. ಆ ಕಾಳಗದ ಫಲವು ಪರಕೀಯರಿಗೆ ಸಂದಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಶೌರ್ಯವು ಯಾವ ಕುಲದ ಸೊತ್ತೂ ಅಲ್ಲವೆಂಬುದಕ್ಕೆ ಆ ಕಲ್ಲು ಸಾಕ್ಷಿಯಾಗಿ ನಿಂತಿತು.

ಸೈನ್ಯವು ಈ ಜನರಿಗೆ ಸಂಬಳದೊಂದಿಗೆ ಅಕ್ಷರವನ್ನೂ ಕೊಟ್ಟಿತು. ದಂಡಿನಲ್ಲಿ ಸಿಪಾಯಿಗಳಿಗೂ ಅವರ ಮಕ್ಕಳಿಗೂ ಶಾಲೆಗಳಿದ್ದವು. ಸುಭೇದಾರ ರಾಮಜಿ ಸಕಪಾಳರು ಮಹೂ ದಂಡಿನ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರು. 1891ರಲ್ಲಿ ಅಲ್ಲಿಯೇ ಜನಿಸಿದ ಅವರ ಪುತ್ರರೇ ಡಾ. ಬಾಬಾಸಾಹೇಬ ಅಂಬೇಡ್ಕರ್.

ಅದೇ ಸಮಯದಲ್ಲಿ ಬಿರುಗಾಳಿ ಎದ್ದಿತು. ಕೆಲವು ಜಾತಿಗಳು ಮಾತ್ರ ಹುಟ್ಟಿನಿಂದ ವೀರರು, ಉಳಿದವರು ಯುದ್ಧಕ್ಕೆ ಅನರ್ಹರು ಎಂಬ ಮತವನ್ನು ಸೇನಾಪತಿ ಲಾರ್ಡ್ ರಾಬರ್ಟ್ಸ್ ಮೊದಲಾದವರು ಎತ್ತಿಹಿಡಿದರು. 1890ರ ದಶಕದ ಆರಂಭದಲ್ಲಿ ಮಹಾರರ ಭರ್ತಿಯು ನಿಂತುಹೋಯಿತು. ಸಂಬಳ ಹೋಯಿತು, ಅದರೊಡನೆ ಮಕ್ಕಳ ಶಾಲೆಯೂ ದೂರವಾಯಿತು.

ಆದರೆ ಕಲಿತ ಅಕ್ಷರವನ್ನು ಯಾರೂ ಕಸಿದುಕೊಳ್ಳಲಾರದೆ ಹೋದರು. ನಿವೃತ್ತ ಸೈನಿಕರಾದ ಗೋಪಾಳಬಾಬಾ ವಲಂಗಕರರು 1894ರಲ್ಲಿ ಸರಕಾರಕ್ಕೆ ಮನವಿಯನ್ನು ಬರೆದರು. 1910ರಲ್ಲಿ ಶಿವರಾಮ ಜಾನಬಾ ಕಾಂಬಳೆಯವರು ಇದೇ ಬೇಡಿಕೆಯನ್ನು ಮತ್ತೆ ಮುಂದಿಟ್ಟರು. ಮೊದಲನೆಯ ಮಹಾಯುದ್ಧದಲ್ಲಿ ಜನ ಬೇಕಾದಾಗ, 1917ರಲ್ಲಿ ‘111ನೆಯ ಮಹಾರ್ಸ್’ ಎಂಬ ಪಲ್ಟಣವನ್ನು ಕಟ್ಟಲಾಯಿತು. ಯುದ್ಧ ಮುಗಿದ ಮೇಲೆ, 1921ರಲ್ಲಿ ಅದನ್ನು ವಿಸರ್ಜಿಸಲಾಯಿತು. ಕೆಲಸ ತೀರಿದ ಮೇಲೆ ಮರೆಯುವ ಈ ರೀತಿ ಎಷ್ಟು ನೋವಿನದು!

1927ರ ಜನವರಿ 1ರಂದು ಅಂಬೇಡ್ಕರರು ಕೋರೆಗಾಂವದ ಸ್ತಂಭದ ಬಳಿಗೆ ಹೋಗಿ, ಪೂರ್ವಿಕರ ಸ್ಮರಣೆಗೆ ಹೊಸ ಚೇತನವನ್ನು ತುಂಬಿದರು. 1941ರಲ್ಲಿ ರಕ್ಷಣಾ ಸಲಹಾ ಸಮಿತಿಯ ಸದಸ್ಯರಾದ ಅವರು ಮಹಾರರ ಪಲ್ಟಣಕ್ಕಾಗಿ ಒತ್ತಾಯಿಸಿದರು. ಅದೇ ವರ್ಷದ ಅಕ್ಟೋಬರ್ 1ರಂದು ನಮ್ಮ ಕನ್ನಡದ ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟಿನ ಮೊದಲನೆಯ ಪಲ್ಟಣವು ಜನ್ಮ ತಾಳಿತು.

ಸ್ವಾತಂತ್ರ್ಯಾನಂತರ ಈ ರೆಜಿಮೆಂಟು ಬೇರೆ ಬೇರೆ ಸಮಾಜಗಳವರಿಗೂ ತೆರೆದುಕೊಂಡಿತು. ಮಧ್ಯಪ್ರದೇಶದ ಸಾಗರವು ಅದರ ಕೇಂದ್ರ. ‘ಯಶ ಸಿದ್ಧಿ’ ಅದರ ಧ್ಯೇಯವಾಕ್ಯ. ಇದರ ಅಧಿಕಾರಿಯಾಗಿದ್ದ ಮೇಜರ್ ರಾಮಸ್ವಾಮಿ ಪರಮೇಶ್ವರನ್ 1987ರಲ್ಲಿ ಸಿಂಹಳದಲ್ಲಿ ಹೋರಾಡಿ ವೀರಸ್ವರ್ಗವನ್ನೇರಿದರು. ಮರಣೋತ್ತರವಾಗಿ ಪರಮವೀರ ಚಕ್ರಕ್ಕೆ ಪಾತ್ರರಾದರು. ಒಂದು ಜಾತಿಯನ್ನು ಹೊರಗಿಟ್ಟವರಿಗೆ ಆ ಜಾತಿಯ ಹೆಸರಿನ ಪಲ್ಟಣವು ಎಲ್ಲರನ್ನೂ ಒಳಗೆ ಕರೆದುಕೊಂಡು ಉತ್ತರ ಕೊಟ್ಟಿತು.

ವಿದ್ಯಾರ್ಥಿಗಳೇ, ಈ ಇತಿಹಾಸದಲ್ಲಿ ಬಂದೂಕಿನಷ್ಟೇ ಕೆಲಸವನ್ನು ಲೇಖನಿಯೂ ಮಾಡಿದೆ. ಮುಚ್ಚಿದ ಬಾಗಿಲನ್ನು ತೆರೆಯಿಸಿದವರು ಓದಿದವರು, ಓದಿ ತಮ್ಮವರನ್ನು ಮರೆಯದವರು. ಪಾಲಕರಲ್ಲಿ ನನ್ನ ಬಿನ್ನಹವಿಷ್ಟೆ: ಎಷ್ಟೇ ಕಷ್ಟವಿರಲಿ, ಮಗುವನ್ನು ಶಾಲೆಯಿಂದ ಬಿಡಿಸಬೇಡಿರಿ. ಇನ್ನು ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕೂಡುವ ಮಕ್ಕಳೇ, ಪಕ್ಕದವನ ಕುಲವನ್ನು ಕೇಳದಿರಿ. ಅವನೊಡನೆ ಕೂಡಿ ಕಲಿಯಿರಿ.