ಫೋಟೋದಲ್ಲಿ ಇಲ್ಲದವರು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



2004ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಈ ಗೇಟು ದಾಟಿ ಹೋದವನು ನಾನು. ಆಮೇಲೆ ಪಿಯುಸಿ, ಬಿ.ಇ., ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಸಮಿತಿಯವರು ‘ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡಿ’ ಎಂದಿದ್ದರು. ಅದನ್ನು ಹೇಳುವವರು ನನ್ನ ನಂತರ ಇನ್ನೂ ಇಬ್ಬರಿದ್ದಾರೆ. ಹಾಗಾಗಿ ಅಪ್ಪಣೆ ಕೊಟ್ಟರೆ ನನ್ನ ಹವ್ಯಾಸವಾದ ಫೋಟೋಗ್ರಫಿ ಬಗ್ಗೆ ಮಾತಾಡುತ್ತೇನೆ.

ಪಕ್ಕದ ಕೊಠಡಿಯಲ್ಲಿ ಹಳೆಯ ಗ್ರೂಪ್ ಫೋಟೋಗಳನ್ನು ನೀವೆಲ್ಲ ನೋಡಿದ್ದೀರಿ. ಮನೆಮನೆಯಿಂದ ತಂದು ಸ್ಕ್ಯಾನ್ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಟ್ಟು 31 ಫೋಟೋ. ಕೆಲಸ ಮುಗಿಸುವ ಹೊತ್ತಿಗೆ ಏನೋ ಕಡಿಮೆ ಅನ್ನಿಸಿತು. ಇನ್ನೊಮ್ಮೆ ಎಲ್ಲವನ್ನೂ ದೊಡ್ಡದು ಮಾಡಿ ನೋಡಿದೆ. ನಮ್ಮ ಬೆಲ್ಲಣ್ಣ ಒಂದರಲ್ಲೂ ಇಲ್ಲ! ಬೆಲ್ ಹೊಡೆಯುತ್ತಿದ್ದರಿಂದ ‘ಬೆಲ್ ಅಣ್ಣ’. ನಮ್ಮ ಬಾಯಲ್ಲಿ ಅದು ‘ಬೆಲ್ಲಣ್ಣ’ ಆಗಿತ್ತು. 29 ವರ್ಷ ಈ ಶಾಲೆಯ ಜವಾನರಾಗಿದ್ದವರು. ಪ್ರತಿ ವರ್ಷ ಫೋಟೋಕ್ಕೆ ಬೆಂಚು ಹೊತ್ತು ತಂದು ಜೋಡಿಸಿದವರು ಅವರೇ. ಅವರ ವಿಷಯಕ್ಕೆ ಕೊನೆಗೆ ಬರುತ್ತೇನೆ.

ನನ್ನ ಮೊದಲ ಕ್ಯಾಮೆರಾ ನಿಕಾನ್ ಡಿ3200. ಕೆಲಸಕ್ಕೆ ಸೇರಿದ ಮೇಲೆ ಕಂತಿನಲ್ಲಿ ಕೊಂಡದ್ದು. ಆಗ ಎಲ್ಲರಂತೆ ನನಗೂ ಹಕ್ಕಿಗಳ ಹುಚ್ಚು. ತೇಜಸ್ವಿಯವರು ಮೂಡಿಗೆರೆಯಲ್ಲಿ ಕ್ಯಾಮೆರಾ ಹಿಡಿದು ಹಕ್ಕಿಗಾಗಿ ಕಾಯುತ್ತಿದ್ದರು ಎಂದು ಓದಿದ್ದೆನಲ್ಲ, ಕಾಯುವ ತಾಳ್ಮೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ದುಡ್ಡು ಕೊಟ್ಟು ತಂದೆ. ಎರಡು ಕೆಜಿ ತೂಕದ ಉದ್ದನೆಯ ಲೆನ್ಸ್ ಬಂತು. ಹಾರ್ಡ್ ಡಿಸ್ಕಿನಲ್ಲಿ 24 ಸಾವಿರ ಫೋಟೋ ಸೇರಿತು.

2018ರಲ್ಲಿ ನಮ್ಮ ತಂದೆ ತೀರಿಕೊಂಡರು. ಹನ್ನೊಂದನೇ ದಿನಕ್ಕೆ ಹಾರ ಹಾಕಲು ಒಂದು ಫೋಟೋ ಬೇಕಲ್ಲ? ನನ್ನ 24 ಸಾವಿರದಲ್ಲಿ ಅಪ್ಪನದು ಒಂದೂ ನೆಟ್ಟಗಿಲ್ಲ. ಕೊನೆಗೆ ಯಾರದೋ ಮದುವೆ ಆಲ್ಬಮ್ಮಿನ ಗುಂಪಿನಿಂದ ಅವರನ್ನು ಕತ್ತರಿಸಿ ತೆಗೆದೆವು. ಪಕ್ಕದವರ ಭುಜ ಕಾಣುತ್ತಿತ್ತು. ಅದನ್ನು ಸ್ಟುಡಿಯೋದವರು ಅಳಿಸಿಕೊಟ್ಟರು. ಆ ಫೋಟೋವೇ ಈಗಲೂ ನಮ್ಮ ನಡುಮನೆಯಲ್ಲಿದೆ. ಅದರ ಮುಂದೆ ನಿಂತಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ.

ಆ ದಿನಗಳಲ್ಲಿ ನನಗೆ ಸಿಕ್ಕ ಹೆಸರು ಮಿಲ್ಟನ್ ರೊಗೊವಿನ್. ಅಮೆರಿಕದ ಬಫಲೋ ಊರಿನಲ್ಲಿ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುತ್ತಿದ್ದವರು. 1957ರಲ್ಲಿ ಕಮ್ಯುನಿಸ್ಟ್ ಎಂಬ ಗುಮಾನಿಯ ಮೇಲೆ ಅಲ್ಲಿನ ಸಂಸತ್ತಿನ ಸಮಿತಿಯೊಂದು ಅವರನ್ನು ವಿಚಾರಣೆಗೆ ಕರೆಯಿತು. ಪತ್ರಿಕೆಯಲ್ಲಿ ಹೆಸರು ಬಂತು, ಗಿರಾಕಿಗಳು ಕಡಿಮೆಯಾದರು. ಮಾತು ಕಟ್ಟಿಹೋದ ಆ ಮನುಷ್ಯ ಕ್ಯಾಮೆರಾವನ್ನು ಗಟ್ಟಿಯಾಗಿ ಹಿಡಿದುಕೊಂಡರು. 1972ರಿಂದ ತಮ್ಮ ಊರಿನದೇ ಬಡವರ ಕೇರಿಯ ಜನರ ಫೋಟೋ ತೆಗೆಯತೊಡಗಿದರು. ಜೊತೆಗೆ ಇರುತ್ತಿದ್ದವರು ಪತ್ನಿ ಆನ್, ಶಾಲಾ ಶಿಕ್ಷಕಿ. 1984ರಲ್ಲಿ ಅದೇ ಜನರನ್ನು ಹುಡುಕಿಕೊಂಡು ಮತ್ತೆ ಹೋದರು. 1992ರಲ್ಲಿ ಮತ್ತೊಮ್ಮೆ. ತೊಂಬತ್ತು ದಾಟಿದ ಮೇಲೆ ನಾಲ್ಕನೇ ಸಲ! ಒಂದರ ಪಕ್ಕ ಒಂದಿಟ್ಟು ನೋಡಿದರೆ ಒಂದು ಸಂಸಾರದ ಮೂವತ್ತು ವರ್ಷ ಕಣ್ಣೆದುರು ನಿಲ್ಲುತ್ತದೆ. ತೆಗೆದ ಫೋಟೋದ ಪ್ರತಿಯನ್ನು ಅವರಿಗೇ ಕೊಟ್ಟುಬರುತ್ತಿದ್ದರು. ಆ ನೆಗೆಟಿವ್‌ಗಳು ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ.

ಅವರು ಬಳಸಿದ್ದು ರೋಲಿಫ್ಲೆಕ್ಸ್ ಕ್ಯಾಮೆರಾ. ಅದನ್ನು ಕಣ್ಣಿಗೆ ಹಿಡಿಯುವಂತಿಲ್ಲ. ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು. ಅಂದರೆ ಎದುರಿಗಿರುವವರಿಗೆ ತಲೆಬಾಗಿಯೇ ಫೋಟೋ ತೆಗೆಯಬೇಕು. ಒಂದು ರೋಲಿಗೆ ಹನ್ನೆರಡೇ ಫೋಟೋ. ಹೀಗೆ ನಿಲ್ಲಿ, ಹಾಗೆ ಕೂರಿ ಎಂದು ಅವರು ಹೇಳುತ್ತಿರಲಿಲ್ಲವಂತೆ. ನಿಲ್ಲುವ ರೀತಿ ಅವರವರ ಇಷ್ಟ.

ನಾನು ಆ ದೊಡ್ಡ ಲೆನ್ಸ್ ಮಾರಿದೆ. 35 ಎಂಎಂನ ಚಿಕ್ಕ ಲೆನ್ಸ್ ಒಂದನ್ನು ಕೊಂಡೆ. ಅದಕ್ಕೆ ಝೂಮ್ ಇಲ್ಲ. ಮುಖ ದೊಡ್ಡದಾಗಿ ಬೇಕೆಂದರೆ ನಾವೇ ಹತ್ತಿರ ಹೋಗಬೇಕು. ಆದರೆ ಕ್ಯಾಮೆರಾದ ಜೊತೆ ಬಂದ ಲೆನ್ಸಿಗಿಂತ ಐದಾರು ಪಟ್ಟು ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಹಾಗಾಗಿ ನಮ್ಮ ಹಳ್ಳಿ ಮನೆಗಳ ನಡುಮನೆಯ ಮಬ್ಬಿನಲ್ಲೂ ಫ್ಲಾಶ್ ಬೇಕಾಗುವುದಿಲ್ಲ. 2019ರ ಯುಗಾದಿಯಂದು ನಮ್ಮ ಬೀದಿಯ ಮನೆಮನೆಗೂ ಹೋಗಿ, ಅವರವರ ಹೊಸಿಲ ಮುಂದೆ ಮನೆಯವರನ್ನೆಲ್ಲ ನಿಲ್ಲಿಸಿ ಒಂದೊಂದು ಫೋಟೋ ತೆಗೆದೆ. ಒಟ್ಟು 22 ಮನೆ. ಮುಂದಿನ ವಾರ ಎಲ್ಲರಿಗೂ ಪ್ರಿಂಟ್ ಕೊಟ್ಟೆ. ಪ್ರತಿ ಯುಗಾದಿಗೆ ಬರುತ್ತೇನೆ ಎಂದೂ ಹೇಳಿದ್ದೆ. 2020ರ ಯುಗಾದಿ ಮಾರ್ಚ್ 25, ದೇಶವೆಲ್ಲ ಲಾಕ್‌ಡೌನ್ ಆದ ಮೊದಲ ದಿನ. ಬರಲಾಗಲಿಲ್ಲ. ಮತ್ತೆ ಕ್ಯಾಮೆರಾ ಹಿಡಿದು ಬರುವ ಹೊತ್ತಿಗೆ ಮೂರು ಮನೆಗಳ ಹೊಸಿಲಲ್ಲಿ ಒಬ್ಬೊಬ್ಬರು ಕಡಿಮೆಯಾಗಿದ್ದರು. ಆ ಮೂರೂ ಮನೆಯಲ್ಲಿ ಹಾರ ಹಾಕಿದ್ದು ನಾನು ಕೊಟ್ಟ ಪ್ರಿಂಟಿನಿಂದ ತೆಗೆದ ಮುಖಕ್ಕೆ. ಒಬ್ಬ ಅಜ್ಜಿ ನನ್ನ ಕೈ ಹಿಡಿದುಕೊಂಡು, ‘ನೀನು ತೆಗೆಯದಿದ್ರೆ ಇವರ ಮುಖ ನಮಗೆಲ್ಲಿ ಸಿಗ್ತಿತ್ತು ಮಗಾ’ ಅಂದರು. ನನ್ನ ಯಾವ ಹಕ್ಕಿಯ ಫೋಟೋಕ್ಕೂ ಅಂಥ ಮಾತು ಬಂದಿರಲಿಲ್ಲ.

ಕಳೆದ ವರ್ಷ ಹೆಡ್‌ಮಾಸ್ತರ ಒಪ್ಪಿಗೆ ಪಡೆದು, ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಇಲ್ಲಿನ ಒಂಬತ್ತನೇ ತರಗತಿಯ 18 ಮಕ್ಕಳಿಗೆ ಫೋಟೋಗ್ರಫಿ ಕಲಿಸಲು ಬಂದೆ. ಮೊದಲ ದಿನ ಆಫೀಸಿನ ಅಭ್ಯಾಸದಂತೆ ಬೋರ್ಡಿನ ತುಂಬ ಅಪರ್ಚರ್, ಶಟರ್, ಸೂತ್ರ. ಮಕ್ಕಳು ಆಕಳಿಸಿದರು. ಎರಡನೇ ವಾರ ಬೋರ್ಡು ಬಿಟ್ಟೆ. ಕಿಟಕಿಗಳನ್ನೆಲ್ಲ ಮುಚ್ಚಿ, ಸಂದಿಗಳಿಗೆ ಕಂಬಳಿ ಕಟ್ಟಿ, ಒಂದು ಕಿಟಕಿಗೆ ರೂಪಾಯಿ ಅಗಲದ ತೂತಿರುವ ರಟ್ಟು ಅಂಟಿಸಿದೆ. ಸ್ವಲ್ಪ ಹೊತ್ತಿಗೆ ಎದುರಿನ ಗೋಡೆಯ ಮೇಲೆ ಹೊರಗಿನ ಹೊಂಗೆ ಮರ ತಲೆಕೆಳಗಾಗಿ ಮೂಡಿತು. ಮೈದಾನದಲ್ಲಿ ಓಡುತ್ತಿದ್ದ ಹುಡುಗರೂ ತಲೆಕೆಳಗೆ! ‘ಸಾರ್, ನಾವು ಕ್ಯಾಮೆರಾ ಒಳಗೇ ಇದ್ದೀವಿ’ ಎಂದು ಒಬ್ಬಳು ಕೂಗಿದಳು. ಬೆಳಕು ನೇರವಾಗಿ ಚಲಿಸುತ್ತದೆ ಎಂಬ ಪಾಠ ಅಲ್ಲಿಗೆ ಮುಗಿಯಿತು.

ನನ್ನ ಹಳೆಯ ಕ್ಯಾಮೆರಾ ಒಂದು, ಫೋನ್ ಎರಡು. ವಾರಕ್ಕೆ ಒಬ್ಬೊಬ್ಬರಿಗೆ ಹನ್ನೆರಡೇ ಫೋಟೋ ಎಂಬ ರೊಗೊವಿನ್ ಲೆಕ್ಕ. ಮೊದಲು ಗೊಣಗಿದರು, ಆಮೇಲೆ ಒತ್ತುವ ಮುಂಚೆ ನೋಡುವುದನ್ನು ಕಲಿತರು. ‘ನಿಮ್ಮ ಮನೆಯನ್ನು ಒಂದೇ ಫೋಟೋದಲ್ಲಿ ತೋರಿಸಿ’ ಎಂದಿದ್ದೆ. ಒಬ್ಬ ಹುಡುಗ ಬಾಗಿಲಿನ ಬೀಗದ ಫೋಟೋ ತಂದ. ಯಾಕೋ ಎಂದರೆ, ‘ಅಪ್ಪ ಅಮ್ಮ ಬೆಂಗಳೂರಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದಾರೆ ಸಾರ್, ನಾನು ಮಾವನ ಮನೆಯಲ್ಲಿರೋದು’ ಎಂದ. ನಾನು ಆರು ತಿಂಗಳಿಂದ ಅವನಿಗೆ ಕಲಿಸುತ್ತಿದ್ದೆ, ನನಗೆ ಗೊತ್ತಿರಲಿಲ್ಲ. ಅವತ್ತು ಪಾಠ ಹೇಳಿಸಿಕೊಂಡವನು ನಾನು.

ಮಕ್ಕಳೇ, ಯಾವ ಕ್ಯಾಮೆರಾ ಕೊಳ್ಳಬೇಕು ಎಂದು ನೀವು ಪದೇಪದೇ ಕೇಳುತ್ತೀರಿ. ಏನೂ ಕೊಳ್ಳಬೇಡಿ. ಎಂಟು ಹತ್ತು ಇಂಚಿನ ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್‌ನಂತೆ 72 ಲಕ್ಷ ಪಿಕ್ಸೆಲ್ ಸಾಕು. ಮನೆಯಲ್ಲಿರುವ ಸಾಧಾರಣ ಫೋನೂ ಇವತ್ತು ಅಷ್ಟು ಕೊಡುತ್ತದೆ. ಅಜ್ಜಿಯನ್ನು ಕಿಟಕಿಯ ಪಕ್ಕ ಕೂರಿಸಿ, ಬೆಳಕು ಮುಖದ ಮೇಲೆ ಬೀಳಲಿ. ತೆಗೆದದ್ದನ್ನು ಫೋನಿನಲ್ಲೇ ಬಿಡಬೇಡಿ. ಫೋನ್ ನೀರಿಗೆ ಬಿದ್ದರೆ ಅಜ್ಜಿಯೂ ಹೋದಂತೆ. ಪ್ರಿಂಟ್ ಹಾಕಿಸಿ ಅವರ ಕೈಗೆ ಕೊಡಿ.

ಈಗ ಬೆಲ್ಲಣ್ಣನ ವಿಷಯ. ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ. ‘ಅಣ್ಣಾ, ಅಷ್ಟು ಫೋಟೋದಲ್ಲಿ ಒಂದರಲ್ಲೂ ನೀವಿಲ್ಲವಲ್ಲ?’ ಎಂದೆ. ‘ನಾನು ಫೋಟೋದವನ ಪಕ್ಕ ನಿಂತು ನಿಮ್ಮನ್ನ ಸುಮ್ಮನಿರಿಸಬೇಕಿತ್ತಲ್ಲಪ್ಪಾ. ಇಲ್ಲದಿದ್ರೆ ನೀವು ಸುಮ್ಮನೆ ನಿಂತ್ಕೊಳ್ತಿದ್ರಾ?’ ಎಂದರು. ಹೌದು, ಆ 31 ಫೋಟೋಗಳಲ್ಲಿ ನಾವೆಲ್ಲ ಗಂಭೀರವಾಗಿ ನೋಡುತ್ತಿರುವುದು ಅವರನ್ನೇ. ಒಂದು ಫೋಟೋ ತೆಗೆಯಲೇ ಎಂದದ್ದಕ್ಕೆ, ‘ಗೋಡೆಗೆ ಹಾಕೋದಕ್ಕಾ? ಇನ್ನೂ ಟೈಮ್ ಇದೆ ಬಿಡು’ ಎಂದು ನಕ್ಕರು. ನಗುವಾಗಲೇ ತೆಗೆದುಬಿಟ್ಟೆ. ಪ್ರಿಂಟ್ ಅವರ ಮನೆಯಲ್ಲಿದೆ. ಇನ್ನೊಂದು ಪ್ರತಿ ಪಕ್ಕದ ಕೊಠಡಿಯಲ್ಲಿ, 32ನೆಯದಾಗಿ.

ಇವತ್ತು ಊಟಕ್ಕೆ ಮುಂಚೆ ಸುವರ್ಣ ಮಹೋತ್ಸವದ ಗ್ರೂಪ್ ಫೋಟೋ ಇದೆ. ಕ್ಯಾಮೆರಾ ಹಿಡಿಯುವವನು ನಾನೇ. ಸಮಿತಿಯವರಲ್ಲಿ ನನ್ನದೊಂದು ಕೋರಿಕೆ: ಮುಂದಿನ ಸಾಲಿನಲ್ಲಿ ಹೆಡ್‌ಮಾಸ್ತರ ಪಕ್ಕದ ಕುರ್ಚಿ ಬೆಲ್ಲಣ್ಣನಿಗಿರಲಿ. ಬಿಸಿಯೂಟದ ಅಮ್ಮಂದಿರೂ ಒಲೆ ಆರಿಸಿ ಬರಲಿ. ಬೆಂಚುಗಳನ್ನು ಈ ಸಲ ನಾವು, 2004ರ ಬ್ಯಾಚಿನವರು, ಹೊತ್ತು ಹಾಕುತ್ತೇವೆ. ಸುಮ್ಮನೆ ನಿಲ್ಲುವುದು ಮಾತ್ರ ನಿಮ್ಮ ಜವಾಬ್ದಾರಿ.

 

– ಹಳೆಯ ವಿದ್ಯಾರ್ಥಿ (ಎಸ್ಸೆಸ್ಸೆಲ್ಸಿ 2004), ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು