ದಾದಿಯ ಕೈತಪ್ಪಿಗೆ ವಿಮೆ ಯಾರು ಕಟ್ಟಬೇಕು?
(ಸಾಸವಡದ ಕನ್ನಡ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ಹೋಟೆಲಿನಲ್ಲಿ ಮಾಣಿಯ ಕೈಜಾರಿ ಬಿಸಿ ಸಾಂಬಾರು ಗಿರಾಕಿಯ ಮೈಮೇಲೆ ಬಿದ್ದರೆ, ಗಿರಾಕಿ ಜಗಳಕ್ಕೆ ಹೋಗುವುದು ಗಲ್ಲಾದ ಬಳಿಗೆ. ಧನಿಗಳು ಅವನನ್ನು ಸಮಾಧಾನ ಮಾಡಿ ಕಳಿಸುತ್ತಾರೆ. ಆಮೇಲೆ ಮಾಣಿಯ ಪಗಾರಕ್ಕೆ ಕೈಹಾಕುತ್ತಾರೆ. ಇದು ನಾವೆಲ್ಲ ಕಂಡದ್ದೇ. ನಮ್ಮ ಹೆಣ್ಣುಮಕ್ಕಳು ಈಗ ನರ್ಸಿಂಗ್ ಪಾಸು ಮಾಡಿ ಸಾಸವಡ, ಹಡಪಸರಗಳ ಆಸ್ಪತ್ರೆಗಳಿಗೆ ಸೇರುತ್ತಿದ್ದಾರೆ. ಮೊದಲ ಪಗಾರದಲ್ಲೇ ವಿಮೆಯ ಕಂತು ಕಟ್ಟಬೇಕೇ ಎಂದು ತಂದೆತಾಯಿಗಳು ಕೇಳುತ್ತಿದ್ದಾರೆ.

ಇದು ನಮ್ಮ ಇ.ಎಸ್.ಐ. ಅಲ್ಲ. ಗಿರಣಿಯಲ್ಲಿ ನಮ್ಮ ಬೆರಳು ಹೋದರೆ ನಮಗೆ ಸಿಗುವುದು ಇ.ಎಸ್.ಐ. ನಮ್ಮ ಕೈಯಿಂದ ಬೇರೊಬ್ಬರಿಗೆ ಕೇಡಾದಾಗ ಅವರ ಪರಿಹಾರವನ್ನೂ ನಮ್ಮ ವಕೀಲರ ಖರ್ಚನ್ನೂ ಹೊರುವುದು ಈ ವಿಮೆ.

ಕಾಯಿದೆ ಮೊದಲು ಹಿಡಿಯುವುದು ಧನಿಯನ್ನೇ. ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ 1963ರಲ್ಲಿ ಶಸ್ತ್ರಕ್ರಿಯೆಯಾದ ಬಾಣಂತಿಯೊಬ್ಬಳ ಹೊಟ್ಟೆಯಲ್ಲಿ ಬಟ್ಟೆ ಉಳಿದು ಆಕೆ ತೀರಿಕೊಂಡಳು. ಸರ್ಕಾರವೇ ಹೊಣೆಯೆಂದು ಸುಪ್ರೀಂ ಕೋರ್ಟು ಹೇಳಿದ್ದು 1996ರಲ್ಲಿ. ಮೂವತ್ತಮೂರು ವರ್ಷದ ಮೇಲೆ! ದಿಲ್ಲಿಯ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯಲ್ಲಿ ದಾದಿ ಕೊಟ್ಟ ತಪ್ಪು ಇಂಜೆಕ್ಷನ್ನಿನಿಂದ ಮಗುವಿನ ಮಿದುಳಿಗೇ ಪೆಟ್ಟಾಯಿತು. ಮಗುವಿಗೆ 12.5 ಲಕ್ಷ, ತಂದೆತಾಯಿಗೆ 5 ಲಕ್ಷ ರೂಪಾಯಿ ಪರಿಹಾರವನ್ನು 1998ರಲ್ಲಿ ಅದೇ ಕೋರ್ಟು ಎತ್ತಿಹಿಡಿಯಿತು. ಆ ದಾದಿಗೆ ಬೇಕಾದ ಅರ್ಹತೆ ಇರಲಿಲ್ಲವೆಂಬುದೂ ಅಲ್ಲಿ ಹೊರಬಂತು. ಆದ್ದರಿಂದ ಕರ್ನಾಟಕದಲ್ಲಿ ಕಲಿತು ಬಂದವರು ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ಬರೆಸದೆ ಒಂದು ದಿನವೂ ಕೆಲಸಕ್ಕೆ ನಿಲ್ಲಬಾರದು.

ಧನಿಯೇ ಹೊಣೆಯಾದ ಮೇಲೆ ನಮಗೇಕೆ ವಿಮೆ? ಆಸ್ಪತ್ರೆಯ ವಕೀಲ ಆಸ್ಪತ್ರೆಯ ವಕೀಲನೇ. “ಡಾಕ್ಟರರು ಹೇಳಿದಂತೆ ಇವಳು ಮಾಡಲಿಲ್ಲ” ಎಂದು ಅವನು ಎದ್ದು ನಿಂತರೆ ಹುಡುಗಿ ಒಂಟಿ. ನಮ್ಮ ಸಲಹೆ ಇಷ್ಟು: ಸರ್ಕಾರಿ ನೌಕರಿಯಲ್ಲಿದ್ದರೆ ಅವಸರವಿಲ್ಲ. ಖಾಸಗಿ ನರ್ಸಿಂಗ್ ಹೋಮಿಗೆ ಸೇರುವಾಗ ಪಾಲಿಸಿ ಇದೆಯೇ, ಅದರಲ್ಲಿ ದಾದಿಯರೂ ಸೇರಿದ್ದಾರೆಯೇ ಎಂದು ಕೇಳಿ, ಕಾಗದ ನೋಡಬೇಕು. ತೋರಿಸದಿದ್ದರೆ ಸ್ವಂತ ವಿಮೆ ಮಾಡಲೇಬೇಕು. ಕಂತು ಧನಿಯೇ ಕಟ್ಟಲೆಂದು ಕೇಳುವುದಕ್ಕೆ ನಾಚಿಕೆ ಬೇಡ. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವವರಿಗಂತೂ ಬೆನ್ನಿಗೆ ಯಾರೂ ಇಲ್ಲ, ಅವರು ತಡಮಾಡಬಾರದು.

ಒಂದು ಎಚ್ಚರಿಕೆ. ಈ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ತಪ್ಪು ನಡೆದ ದಿನವಷ್ಟೇ ಅಲ್ಲ, ದಾವೆ ಬಂದ ದಿನವೂ ಪಾಲಿಸಿ ಜೀವಂತವಿರಬೇಕು. ನಡುವೆ ಕಂತು ನಿಲ್ಲಿಸಿದರೆ ಕಟ್ಟಿದ್ದೆಲ್ಲ ನೀರುಪಾಲು. ಜೈಲು, ದಂಡಗಳನ್ನಂತೂ ಯಾವ ವಿಮೆಯೂ ಹೊರದು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ ಅಜಾಗರೂಕತೆಯಿಂದ ಸಾವಾದರೆ 5 ವರ್ಷದವರೆಗೆ ಸಜೆ; ಚಿಕಿತ್ಸೆ ನಡೆಸುತ್ತಿದ್ದ ನೋಂದಾಯಿತ ವೈದ್ಯನಾದರೆ 2 ವರ್ಷದವರೆಗೆ. ಆ ರಿಯಾಯಿತಿಯಲ್ಲಿ ದಾದಿಯ ಹೆಸರಿಲ್ಲ. ಇದು ಅನ್ಯಾಯವೆಂದೇ ನಮ್ಮ ಮತ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬಳನ್ನೇ ನಿಲ್ಲಿಸಿದವರನ್ನು ಯಾರು ಕೇಳಬೇಕು?

ಕೆಲಸದ ಕಾಗದಕ್ಕೆ ಸಹಿ ಹಾಕುವ ಮೊದಲು ಅದನ್ನು ಸಂಘಕ್ಕೆ ತನ್ನಿ. ಇಂಗ್ಲಿಷಿನಲ್ಲಿದ್ದರೂ ಮರಾಠಿಯಲ್ಲಿದ್ದರೂ ಕೂತು ಓದಿ ಹೇಳುತ್ತೇವೆ.