ಸಿನಿಮಾ ಯಂತ್ರದ ಕಿವಿ

ಫಿಲಂ ಸುರುಳಿಗಳ ಕಾಲದಲ್ಲಿ ಆಟ ನೋಡಿ ಬಂದವರು, ‘ಚಿತ್ರವೇನೋ ಚೆನ್ನಾಗಿದೆ, ಮಾತು ಮಾತ್ರ ತಿಳಿಯಲಿಲ್ಲ’ ಎನ್ನುತ್ತಿದ್ದುದುಂಟು. ದೋಷವನ್ನು ನಟನ ನಾಲಿಗೆಯ ಮೇಲೆ ಹೊರಿಸುವುದು ವಾಡಿಕೆ. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ನೀವು ಬಲ್ಲಿರಿ. ಆದರೆ ಇಲ್ಲಿ ಎಷ್ಟೋ ವೇಳೆ ನೆಲವೇ ನಿಜವಾಗಿ ಡೊಂಕು! ಆ ಡೊಂಕು ಎಲ್ಲಿದೆ, ಅದನ್ನು ತಿದ್ದುವ ಬಗೆ ಹೇಗೆ ಎಂಬುದನ್ನು ಸ್ವಲ್ಪ ವಿಚಾರಿಸೋಣ.

1931ರ ‘ಆಲಂ ಆರಾ’, ಕನ್ನಡದಲ್ಲಿ 1934ರ ‘ಸತಿ ಸುಲೋಚನಾ’ ಮೊದಲ್ಗೊಂಡು ನಮ್ಮ ವಾಕ್ಚಿತ್ರಗಳು ತಮ್ಮ ಮಾತನ್ನು ಫಿಲಮಿನ ಮೈಮೇಲೆಯೇ ಹೊತ್ತು ತಂದವು. ಚಿತ್ರಕ್ಕೂ ಅಂಚಿನ ರಂಧ್ರಗಳಿಗೂ ನಡುವೆ, ಮೂರು ಮಿಲಿಮೀಟರಿಗಿಂತ ಕಿರಿದಾದ ಪಟ್ಟಿಯಲ್ಲಿ, ಧ್ವನಿಯು ಅಲೆಯಲೆಯಾಗಿ ಮುದ್ರಿತವಾಗಿರುತ್ತದೆ. ಫಿಲಂ ಸೆಕೆಂಡಿಗೆ 24 ಚಿತ್ರಗಳಂತೆ, ಅಂದರೆ 18 ಅಂಗುಲ ವೇಗದಲ್ಲಿ ಓಡುವಾಗ, ಸೌಂಡ್ ಹೆಡ್ ಎಂಬ ಭಾಗದಲ್ಲಿ ಕೂದಲಿಗಿಂತ ತೆಳುವಾದ ಸೀಳಿನಷ್ಟು ಬೆಳಕು ಆ ಪಟ್ಟಿಯನ್ನು ಓದುತ್ತದೆ. ಬೆಳಕಿನ ಏರಿಳಿತವನ್ನು ದ್ಯುತಿಕೋಶ ವಿದ್ಯುತ್ತನ್ನಾಗಿಸುತ್ತದೆ; ಅದೇ ಧ್ವನಿವರ್ಧಕದಲ್ಲಿ ಮಾತಾಗುತ್ತದೆ.

ಹಿಂದೆ ಈ ಕೆಲಸಕ್ಕೆ ಬಿಸಿತಂತಿಯ ದೀಪವಿತ್ತು. ಅದರ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅವಕೆಂಪು ಕಿರಣವೇ ಹೆಚ್ಚು. ಬಣ್ಣದ ಫಿಲಮಿನ ವರ್ಣದ್ರವ್ಯಗಳು ಆ ಕಿರಣವನ್ನು ತಡೆಯಲಾರವಾದ್ದರಿಂದ ಧ್ವನಿಪಟ್ಟಿಯಲ್ಲಿ ಬೆಳ್ಳಿಯನ್ನು ಉಳಿಸಲು ಪ್ರತ್ಯೇಕ ರಾಸಾಯನಿಕ ಲೇಪನ ಬೇಕಾಗುತ್ತಿತ್ತು. ಈ ಶತಮಾನದ ಆದಿಯಲ್ಲಿ ಬೆಳ್ಳಿಯಿಲ್ಲದ, ಹಸಿರುನೀಲಿ ಬಣ್ಣದ ಪಟ್ಟಿ ಬಳಕೆಗೆ ಬಂದಿತು. ಆ ಬಣ್ಣ ಕೆಂಪು ಬೆಳಕನ್ನು ತಡೆಯುತ್ತದೆ. ಆದುದರಿಂದ ದೀಪವನ್ನು ತೆಗೆದು ಕೆಂಪು ಎಲ್‌ಇಡಿಯನ್ನು ಕೂಡಿಸಿದರು. ಹಳೆಯ ಬೆಳ್ಳಿಯ ಪಟ್ಟಿಯನ್ನೂ ಅದು ಓದಬಲ್ಲುದು. ಹೊಸ ಸಾಧನ ಬಂದಿತು, ಇನ್ನೇನು ಚಿಂತೆ ಎನ್ನುವಿರೋ? ಹೊಸ ಕನ್ನಡಕವನ್ನು ಮೂಗಿನ ಮೇಲೆ ಸೊಟ್ಟಗೆ ಇಟ್ಟುಕೊಂಡರೆ ಅಕ್ಷರ ನೆಟ್ಟಗೆ ಕಂಡೀತೆ?

ಲೆಕ್ಕ ಹಾಕಿ ನೋಡಿ. ಸ್ವರಾಕ್ಷರಗಳ ಮುಖ್ಯ ಶಕ್ತಿ ಸೆಕೆಂಡಿಗೆ ಸುಮಾರು ಮೂರು ಸಾವಿರ ಕಂಪನಗಳೊಳಗೆ ಅಡಗಿದೆ. ಸಕಾರದ ಸೀತ್ಕಾರವಾದರೋ 4 ಸಾವಿರದಿಂದ 8 ಸಾವಿರದ ಆಸುಪಾಸಿನದು. 6 ಸಾವಿರ ಕಂಪನಗಳ ಒಂದು ಅಲೆ ಫಿಲಮಿನ ಮೇಲೆ ಸುಮಾರು 0.076 ಮಿಲಿಮೀಟರು ಉದ್ದ. ಬೆಳಕಿನ ಗೆರೆಯ ಅಗಲ ಎರಡು ಮಿಲಿಮೀಟರಿಗೆ ತುಸು ಹೆಚ್ಚು. ಅದು ಒಂದೇ ಒಂದು ಡಿಗ್ರಿ ಓರೆಯಾದರೂ ಅದರ ಎರಡು ತುದಿಗಳ ನಡುವೆ ಅರ್ಧ ಅಲೆಯಷ್ಟು ಅಂತರ ಬೀಳುತ್ತದೆ. ಒಂದು ತುದಿ ಅಲೆಯ ಶಿಖರವನ್ನು ಓದಿದರೆ ಇನ್ನೊಂದು ಕಣಿವೆಯನ್ನು ಓದುತ್ತದೆ, ಸದ್ದು ಕುಂದುತ್ತದೆ. ಆಕಾರ ಓಕಾರಗಳು ಉಳಿಯುತ್ತವೆ, ಸಕಾರ ಅಳಿಯುತ್ತದೆ.

ತಿದ್ದುವುದಕ್ಕೆ ಒಂದು ಕ್ರಮವುಂಟು. ಮೊದಲು ಲೆನ್ಸನ್ನೂ ಫಿಲಂ ಹಾಯುವ ಉರುಳೆಯನ್ನೂ ಒರೆಸಬೇಕು. ಬಳಿಕ ಫಿಲಂ ಎಡಬಲಕ್ಕೆ ಸರಿದಿಲ್ಲವೆಂದು ನೋಡಬೇಕು. ಇದಕ್ಕೆಂದೇ ಬಜ್ ಟ್ರ್ಯಾಕ್ ಎಂಬ ಪರೀಕ್ಷಾ ಫಿಲಂ ಇದೆ. ಬೆಳಕಿನ ದಾರಿಯ ಒಂದು ಪಕ್ಕದಲ್ಲಿ ತಗ್ಗು ಸ್ವರ, ಮತ್ತೊಂದು ಪಕ್ಕದಲ್ಲಿ ಹೆಚ್ಚು ಸ್ವರ. ಎರಡೂ ಕೇಳದಿದ್ದರೆ ಯಂತ್ರ ಪರೀಕ್ಷೆಯಲ್ಲಿ ತೇರ್ಗಡೆಯಾದಂತೆ! ಮೂರನೆಯದಾಗಿ, ಹೆಚ್ಚು ಕಂಪನದ ಸ್ವರವುಳ್ಳ ಫಿಲಮನ್ನು ಓಡಿಸಿ, ಮೀಟರಿನ ಮುಳ್ಳು ಅತ್ಯಂತ ಮೇಲಕ್ಕೇರುವವರೆಗೆ ಲೆನ್ಸನ್ನು ಮುಂದೆ ಹಿಂದೆ ಸರಿಸಬೇಕು, ಗೆರೆಯ ಓರೆಯನ್ನು ತಿರುಗಿಸಬೇಕು. ಒಂದನ್ನು ತಿದ್ದಿದರೆ ಇನ್ನೊಂದು ಕದಲುವುದುಂಟು. ಆದುದರಿಂದ ಎರಡನ್ನೂ ಮರಳಿ ನೋಡಬೇಕು. ಸ್ಟೀರಿಯೋ ಚಿತ್ರದಲ್ಲಿ ಎರಡು ಪಟ್ಟಿಗಳು ಅಕ್ಕಪಕ್ಕದಲ್ಲಿರುತ್ತವೆ. ಅವೆರಡನ್ನೂ ಒಂದೇ ಕ್ಷಣದಲ್ಲಿ ಓದದಿದ್ದರೆ ತೆರೆಯ ನಡುವಿನಿಂದ ಬರಬೇಕಾದ ಮಾತು ಪ್ರೇಕ್ಷಕರ ಬೆನ್ನ ಹಿಂದಕ್ಕೂ ಸೋರುತ್ತದೆ. ಎರಡೂ ಕಡೆಯ ಮಟ್ಟವನ್ನು ಸಮಮಾಡಿ, ಕಟ್ಟಕಡೆಗೆ ಮುಟ್ಟಬೇಕಾದುದು ಟ್ರೆಬಲ್ ಗುಂಡಿ. ಅದನ್ನೇ ಮೊದಲು ತಿರುಗಿಸಿದರೆ ದೋಷ ಮುಚ್ಚಿಕೊಳ್ಳುತ್ತದೆ, ಬುಸುಗುಟ್ಟುವ ಸದ್ದು ಹೆಚ್ಚುತ್ತದೆ, ಕಳೆದುಹೋದ ಅಕ್ಷರ ಮಾತ್ರ ಬರುವುದಿಲ್ಲ.

ಇಂದು ಚಿತ್ರಮಂದಿರಗಳಲ್ಲಿ ಡಿಜಿಟಲ್ ಪ್ರದರ್ಶನವೇ ರೂಢಿ. ಇದರ ಗೊಡವೆ ಏಕೆ ಎನ್ನಬಹುದು. ಹಳೆಯ ಫಿಲಮುಗಳು ಭಂಡಾರಗಳಲ್ಲಿವೆ. ಪುಣೆಯಲ್ಲಿ 1964ರಲ್ಲಿಯೇ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪಿತವಾಯಿತು. ಅಂಥ ಫಿಲಮಿನಿಂದ ಹೊಸ ಪ್ರತಿ ತೆಗೆಯುವಾಗಲೂ ಧ್ವನಿಪಟ್ಟಿಯನ್ನು ಬೆಳಕಿನಿಂದಲೇ ಓದಬೇಕು. ಚಿತ್ರಮಂದಿರದಲ್ಲಿ ಒಂದು ಆಟ ಕೆಟ್ಟರೆ ಮರುದಿನ ತಿದ್ದಬಹುದಿತ್ತು. ಆದರೆ ಡೊಂಕಾಗಿ ಓದಿದ ಪ್ರತಿಯೇ ಉಳಿದು, ಮೂಲ ಫಿಲಂ ನಶಿಸಿಹೋದರೆ, ಆ ನಟರ ನಾಲಿಗೆಯ ಸ್ಪಷ್ಟತೆ ಮತ್ತೆ ಬಾರದು. ಅವರಿಗೆ ಉಚ್ಚಾರಣೆಯೇ ಬರುತ್ತಿರಲಿಲ್ಲವೆಂದು ನಮ್ಮ ಮೊಮ್ಮಕ್ಕಳು ಭಾವಿಸಿಯಾರು.

ಸಕಲವೆಂದರೆ ಇಡಿಯಾದುದು, ಶಕಲವೆಂದರೆ ಚೂರು ಎಂದು ವ್ಯಾಕರಣದ ಮೇಷ್ಟ್ರುಗಳು ಮಕ್ಕಳಿಗೆ ಹೇಳಿಕೊಡುತ್ತೇವೆ. ಒಂದಕ್ಷರದಿಂದ ಅರ್ಥವೇ ತಲೆಕೆಳಗಾಗುತ್ತದೆ. ಆ ಒಂದಕ್ಷರವನ್ನು ಕಾಯುವ ಕೆಲಸ, ಯಂತ್ರದ ಬಳಿ ತಿರುಪುಳಿ ಹಿಡಿದು ನಿಂತವನ ಪಾಲಿಗೂ ಬಂದಿದೆ.